ರಿಟೈರ್ಡ್ ಪೋಸ್ಟ್‌ಮನ್ನಿನ ಮಕ್ಕಳು

ನಮ್ಮ ಇಂಗ್ಲಿಷ್ ಕ್ಲಾಸಿನ ಸರ್ ತೀರಿಕೊಂಡ ಸುದ್ದಿ ಬಂದಾಗ ನಾನು ಹುಕ್ಕೇರಿಯ ಕಚೇರಿಯಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದೆ. ಹಳೆಯ ಕ್ಲಾಸಿನವರ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ, ಸುತ್ತ ಹೂವಿನ ಚೌಕಟ್ಟು, ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. ಎರಡು ನಿಮಿಷ ನೋಡಿದೆ. ಆಮೇಲೆ ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು ಎಲ್ಲ ತಿಂದು ಕೈ ತೊಳೆದೆ. ಒಂದು ತುತ್ತೂ ಕಡಿಮೆಯಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದನ್ನು ಓದುವವರು ನನ್ನಿಂದ ಕಣ್ಣೀರು ಬಯಸಬಾರದು.

ಗುಂಪಿನಲ್ಲಿ ಯಾರೋ ಅವರನ್ನು ‘ನಡೆದಾಡುವ ಡಿಕ್ಷನರಿ’ ಎಂದು ಬರೆದಿದ್ದರು. ಅದು ಖರೆಯೇ. ಡಿಕ್ಷನರಿಗೂ ಎದುರು ಕೂತವರು ಯಾರು, ಎಲ್ಲಿಂದ ಬಂದರು, ಏನು ತಿಂದು ಬಂದರು ಎಂಬುದು ಬೇಕಾಗಿರುವುದಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮರ್ಯಾದೆಗಾಗಿ ಅಲ್ಲ, ಹಟಕ್ಕೆ. ಮೂರು ವರ್ಷದಲ್ಲಿ ಅವರು ನನ್ನನ್ನು ಹೆಸರು ಹಿಡಿದು ಒಮ್ಮೆಯೂ ಕರೆಯಲಿಲ್ಲ. ಅವರ ಕ್ಲಾಸಿನಲ್ಲಿ ಹಳ್ಳಿಯಿಂದ ಬಂದವರಿಗೆ ಊರೇ ಹೆಸರು. ನಾನು ಕುಲಗೋಡ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಕಸ್ತೂರಕ್ಕ ಘೋಡಗೇರಿ. ಧುಪದಾಳದಿಂದ ಇಬ್ಬರು ಬರುತ್ತಿದ್ದುದರಿಂದ ಒಬ್ಬ ಉದ್ದ ಧುಪದಾಳ, ಇನ್ನೊಬ್ಬ ಗಿಡ್ಡ ಧುಪದಾಳ. ಗೋಕಾಕ ಪೇಟೆಯ ಹುಡುಗ ಹುಡುಗಿಯರಿಗೆ ಮಾತ್ರ ತಂದೆ ತಾಯಿ ಇಟ್ಟ ಹೆಸರು ಉಳಿದಿತ್ತು. ನಾನು ಒಂದು ವಾಕ್ಯ ತಪ್ಪಿದರೆ ‘ಕುಲಗೋಡ ಇನ್ನೂ ಎದ್ದಿಲ್ಲ’ ಎಂದು ಇಂಗ್ಲಿಷಿನಲ್ಲಿ ಅನ್ನುವರು. ತಪ್ಪು ನನ್ನದಾದರೂ ಮಾನ ಹೋಗುತ್ತಿದ್ದುದು ಇಡೀ ಊರಿನದು.

ಗೋಕಾಕಿನ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಅವರು ಇಂಗ್ಲಿಷ್ ಮಾಸ್ತರರು. ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಪೂರ್ತಿ ದಿನ, ಸರಕಾರಿ ನೌಕರಿಯ ಪರೀಕ್ಷೆ ಕಟ್ಟಿದವರಿಗೆ ಖಾಸಗಿ ಕ್ಲಾಸು ನಡೆಸುತ್ತಿದ್ದರು. ಆ ಪರೀಕ್ಷೆಯಲ್ಲಿ ಬೇರೆ ಎಲ್ಲ ವಿಷಯಗಳನ್ನು ನಮ್ಮಂಥವರು ಓದಿ ದಕ್ಕಿಸಿಕೊಳ್ಳಬಹುದಿತ್ತು. ಇಂಗ್ಲಿಷ್ ಪತ್ರಿಕೆಯೊಂದೇ ಅಡ್ಡ ಮಲಗಿತ್ತು. ಕಠಿಣ ವ್ಯಾಕರಣ, ಕೇಳಿರದ ಶಬ್ದಗಳು, ಕೊನೆಗೆ ಒಂದು ಪತ್ರ, ಒಂದು ಪ್ರಬಂಧ. ಅದಕ್ಕೇ ಕುಲಗೋಡದ ಮೊದಲ ಬಸ್ಸು ಹಿಡಿದು ಬಂದು, ಮೋಟಾರ್ ರಿವೈಂಡಿಂಗ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತುತ್ತಿದ್ದೆ. ಸುಟ್ಟ ಪಂಪ್‌ಸೆಟ್ಟುಗಳಿಗೆ ಬಳಿಯುವ ವಾರ್ನಿಶ್ ವಾಸನೆ ಮೇಲಿನ ಕೋಣೆಗೆ ಬರುತ್ತಿತ್ತು. ಇವತ್ತಿಗೂ ಆ ವಾಸನೆ ಬಂದರೆ ನಾನು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ.

‘ಚಪ್ಪಲ್ ಜೋಡಿ ಕನ್ನಡಾನೂ ಮೆಟ್ಟಲ ಮ್ಯಾಲ ಬಿಟ್ಟ ಬರ್ರಿ’ ಎಂಬುದು ಅವರ ಪ್ರಸಿದ್ಧ ಮಾತು. ಆ ಮಾತನ್ನು ಅವರು ಕನ್ನಡದಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ. ನಮಗಿಂತ ಮೊದಲು ಬಂದಿದ್ದವರು ಹೇಳಿಕೊಟ್ಟದ್ದು. ಒಳಗೆ ಬಾಯಿ ತಪ್ಪಿ ‘ಹೌದ್ರಿ’ ಅಂದವರು ಎದ್ದು ಮೆಟ್ಟಿಲ ಮೇಲೆ ಹೋಗಿ ಚಪ್ಪಲಿಗಳ ನಡುವೆ ಕೂರಬೇಕು. ಪರೀಕ್ಷೆಗೆ ಓದುತ್ತಿದ್ದವರು ನಾವು, ಮದುವೆಯಾದವರೂ ಇದ್ದರು, ಒಬ್ಬಾಕೆಗೆ ನಾಲ್ಕು ವರ್ಷದ ಮಗಳಿದ್ದಳು. ಎಲ್ಲರೂ ಒಂದಲ್ಲ ಒಂದು ಸಲ ಆ ಮೆಟ್ಟಿಲ ಮೇಲೆ ಕೂತವರೇ. ಕೆಳಗೆ ತಾಮ್ರದ ತಂತಿಯ ಕಾಯಿಲ್ ಸುತ್ತುತ್ತಿದ್ದ ರಿವೈಂಡಿಂಗ್ ಅಂಗಡಿಯ ಮಾಲೀಕ ತಲೆಯೆತ್ತಿ ನೋಡಿ ‘ಇವತ್ತ ಯಾವ ಊರ ಬಂತ್ರಿ?’ ಎಂದು ನಗುತ್ತಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ಕಟ್ಟಡದಲ್ಲಿ ನಮ್ಮನ್ನು ಮಾತಾಡಿಸುತ್ತಿದ್ದವನು ಅವನೊಬ್ಬನೇ.

ಸರ್ ನೋಡಲು ಸಣಕಲು, ಎತ್ತರ. ಏಪ್ರಿಲ್ ಬಿಸಿಲಿನಲ್ಲೂ ಪೂರ್ತಿ ತೋಳಿನ ಅಂಗಿ, ಮಣಿಕಟ್ಟಿನ ಗುಂಡಿ ಹಾಕಿಯೇ ಇರುವುದು. ಕುರ್ಚಿಯನ್ನು ಕರವಸ್ತ್ರದಿಂದ ಒರೆಸದೆ ಕೂತದ್ದನ್ನು ನಾನು ಕಂಡಿಲ್ಲ. ನಮ್ಮಲ್ಲಿ ಯಾರಾದರೂ ತಪ್ಪು ಹೇಳಿದರೆ ಬೈಯುತ್ತಿರಲಿಲ್ಲ. ತಲೆಯನ್ನು ಒಂದು ಕಡೆಗೆ ವಾಲಿಸಿ, ಕಿವಿಗೆ ನೀರು ಹೊಕ್ಕವರಂತೆ ಅಂಗೈಯಿಂದ ಮೆಲ್ಲಗೆ ತಟ್ಟಿಕೊಳ್ಳುತ್ತಿದ್ದರು. ನಮ್ಮ ತಪ್ಪು ಹೊರಗೆ ಬೀಳುವವರೆಗೂ ತಟ್ಟುವರು. ಪೇಟೆಯ ಹುಡುಗರು ನಗುವರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಭಾನುವಾರಕ್ಕೆ ಐವತ್ತು ಹೊಸ ಶಬ್ದ. ‘ಲೋಕ್ವೇಶಸ್’, ‘ಪರ್ನಿಶಸ್’, ‘ಮ್ಯಾಗ್ನಾನಿಮಸ್’. ಕಸ್ತೂರಕ್ಕ ಎಮ್ಮೆಗೆ ಹಿಂಡಿ ಕಲಸುತ್ತ ಇವನ್ನು ಗಟ್ಟಿ ಮಾಡುತ್ತಿದ್ದಳು. ಅವರ ಎಮ್ಮೆ ‘ಮ್ಯಾಗ್ನಾನಿಮಸ್’ ಅಂದರೆ ಕಿವಿ ನಿಮಿರಿಸಿ ತಿರುಗಿ ನೋಡುತ್ತಿತ್ತಂತೆ, ಹಿಂಡಿ ಬಂತು ಎಂದು. ವ್ಯಾಕರಣದ ವಾಕ್ಯಗಳೋ, ಒಂದಕ್ಕೂ ನಮ್ಮ ಊರಿನ ಗಾಳಿ ಸೋಕಿರಲಿಲ್ಲ. ‘ನಾನು ಸ್ಟೇಷನ್ ಮುಟ್ಟುತ್ತಲೇ ರೈಲು ಹೊರಟಿತು’ ಎಂಬ ವಾಕ್ಯವನ್ನು ತಿರುವು ಮುರುವು ಮಾಡಿ ಇಂಗ್ಲಿಷಿನಲ್ಲಿ ಆರು ಬಗೆಯಿಂದ ಬರೆಸುತ್ತಿದ್ದರು. ಮೂರು ವರ್ಷ ವಾರಾ ವಾರಾ ನಾವು ಆ ಸ್ಟೇಷನ್ನಿಗೆ ಹೋದೆವು, ಒಂದು ದಿನವೂ ಗಾಡಿ ಸಿಗಲಿಲ್ಲ.

ಸುಳ್ಳು ಬರೆಯಬಾರದು, ಅವರಿಗೆ ವಿದ್ಯೆ ಇತ್ತು. ಒಂದು ಭಾನುವಾರ ‘ಹಾಗಾಗಿದ್ದರೆ ಹೀಗಾಗುತ್ತಿತ್ತು’ ಎಂಬ ತರಹದ ವಾಕ್ಯಗಳನ್ನು ಅವರು ವಿವರಿಸಿದ್ದು ನನಗೆ ಇವತ್ತಿಗೂ ನೆನಪಿದೆ. ಊಟದ ಹೊತ್ತು ಮೀರಿತ್ತು, ಅವರಿಗೂ ಗೊತ್ತಾಗಲಿಲ್ಲ, ನಮಗೂ ಗೊತ್ತಾಗಲಿಲ್ಲ. ಎರಡು ತಾಸು ಆ ಮನುಷ್ಯ ಯಾರನ್ನೂ ಹೀಯಾಳಿಸದೆ ಕಲಿಸಿದರು. ಹಾಗೆ ಕಲಿಸಬಲ್ಲವರು ಉಳಿದ ನೂರು ಭಾನುವಾರ ಹಾಗೆ ಕಲಿಸಲಿಲ್ಲ ಎಂಬುದಕ್ಕೇ ನನಗೆ ಹೆಚ್ಚು ಸಿಟ್ಟು.

ಅವರ ದೊಡ್ಡ ಬಂಡವಾಳ ಪತ್ರಗಳು. ಪರೀಕ್ಷೆಯಲ್ಲಿ ಬರಬಹುದಾದ ಹನ್ನೆರಡು ಪತ್ರಗಳನ್ನು ತಾವೇ ಬರೆದು ಇಟ್ಟಿದ್ದರು. ಒಂದೊಂದನ್ನೂ ಚುಕ್ಕೆ ಕೂಡ ಬಿಡದಂತೆ ಬಾಯಿಪಾಠ ಮಾಡಬೇಕು. ಮೊದಲ ದಿನವೇ ಅವನ್ನು ಬರೆದುಕೊಳ್ಳುವ ನೋಟ್ಸ್ ವಹಿಯನ್ನು ಕಣ್ಣಿಗೊತ್ತಿಕೊಂಡು, ಹೊರಗಿನವರಿಗೆ ತೋರಿಸುವುದಿಲ್ಲ ಎಂದು ನಾವು ಮಾತು ಕೊಡಬೇಕಿತ್ತು. ನಮ್ಮ ಕಡೆ ವಿದ್ಯೆ ಕೊಡುವವರ ಮಾತು ಮೀರುವುದುಂಟೇ? ಎಲ್ಲರೂ ಒತ್ತಿಕೊಂಡೆವು. ಕಸ್ತೂರಕ್ಕ ವಿಭೂತಿ ಹಚ್ಚಿದ ಹಣೆಗೂ ಒತ್ತಿಕೊಂಡಳು.

ಏಳನೆಯ ಪತ್ರ ಊರಿನ ಗ್ರಂಥಾಲಯದ ದುಃಸ್ಥಿತಿಯ ಬಗ್ಗೆ ಅಧಿಕಾರಿಗಳಿಗೆ ಬರೆಯುವ ದೂರು. ‘ನನ್ನ ವಯಸ್ಸಾದ ತಂದೆ, ರಿಟೈರ್ಡ್ ಪೋಸ್ಟ್‌ಮನ್, ದಿನವೂ ಊರುಗೋಲು ಹಿಡಿದು ಗ್ರಂಥಾಲಯಕ್ಕೆ ಹೋಗುತ್ತಾರೆ, ಮೊನ್ನೆ ಅವರು ಓದುತ್ತಿದ್ದ ಪತ್ರಿಕೆಯ ಮೇಲೆ ಚಾವಣಿಯ ಹೆಂಚೊಂದು ಬಿತ್ತು’ ಎಂದು ಇಂಗ್ಲಿಷಿನಲ್ಲಿ. ಚೆಂದದ ಪತ್ರವೇ. ಆದರೆ ನನ್ನ ಅಪ್ಪ ಕುರಿ ಕಾಯುವವನು. ಬಾಯಿಪಾಠ ಹೇಳುವಾಗ ಪ್ರತಿ ಸಲ ಆ ಪೋಸ್ಟ್‌ಮನ್ ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದ್ದ. ಒಂದು ವಾರ ತಡೆಯಲಾರದೆ ಬದಲಿಸಿದೆ. ನನ್ನ ತಂದೆಗೆ ಓದಲು ಬಾರದು, ಸಂತೆಗೆ ಕುರಿ ತಂದಾಗ ಗ್ರಂಥಾಲಯದ ಕಟ್ಟೆಯ ಮೇಲೆ ಕೂತು ಒಳಗಿನವರಿಂದ ಪೇಪರು ಓದಿಸಿ ಕೇಳುತ್ತಾರೆ, ಹೆಂಚು ಬಿದ್ದರೆ ಅವರ ತಲೆಯ ಮೇಲೇ ಬೀಳುತ್ತದೆ ಎಂದು ಬರೆದೆ. ನನ್ನಪ್ಪ ಮಾಡುತ್ತಿದ್ದುದು ಅದನ್ನೇ. ಸರ್ ಕೆಂಪು ಪೆನ್ನಿನಿಂದ ಆ ಭಾಗ ಪೂರ್ತಿ ಗೀಚಿ, ಬದಿಯಲ್ಲಿ ಇಂಗ್ಲಿಷಿನಲ್ಲಿ ‘ಕುರಿ ಕಾಯುವವರು ಗ್ರಂಥಾಲಯಕ್ಕೆ ಹೋಗುವುದಿಲ್ಲ’ ಎಂದು ಬರೆದರು. ಆಮೇಲೆ ಎಲ್ಲರೆದುರು ಓದಿದರು. ಕಿವಿ ತಟ್ಟಿಕೊಂಡರು. ನಾನು ತಲೆ ತಗ್ಗಿಸಿ ಕೂತೆ, ಕಣ್ಣಲ್ಲಿ ನೀರು ಬರಬಾರದೆಂದು ಹಲ್ಲು ಕಚ್ಚಿದ್ದೆ. ಆ ಮನುಷ್ಯನನ್ನು ನಾನು ದ್ವೇಷಿಸತೊಡಗಿದ್ದು ಆ ಗಳಿಗೆಯಿಂದ.

ಕಸ್ತೂರಕ್ಕ ಮಾತ್ರ ಎಂದೂ ಒಂದಕ್ಷರ ಬದಲಿಸಿದವಳಲ್ಲ. ನನಗಿಂತ ನಾಲ್ಕು ವರ್ಷ ದೊಡ್ಡವಳು, ವಯಸ್ಸಿನ ಮಿತಿಯಿಂದ ಆ ಪರೀಕ್ಷೆಯೇ ಅವಳ ಕೊನೆಯ ಅವಕಾಶ. ಮನೆಯಲ್ಲಿ ಎರಡು ಎಕರೆ ಕಬ್ಬು, ತಾಯಿ ಇಲ್ಲ, ಅಪ್ಪ ಒಬ್ಬರೇ. ಬಂದ ಸಂಬಂಧಗಳನ್ನೆಲ್ಲ ಆ ಅಪ್ಪ ‘ನನ್ನ ಮಗಳು ಸಾಹೇಬಳಾಗಾಕಿ, ಆಮ್ಯಾಲ ನೋಡೂಣು’ ಎಂದು ತಿರುಗಿಸಿ ಕಳಿಸುತ್ತಿದ್ದರು. ಘೋಡಗೇರಿಯಲ್ಲಿ ಯಾರ ಮನೆಗೆ ಇಂಗ್ಲಿಷಿನ ಕಾಗದ ಬಂದರೂ ಆ ಅಪ್ಪ, ನನಗೆ ಕಾಕಾ, ಅದನ್ನು ಮಗಳ ಹತ್ತಿರ ತಂದು ಓದಿಸಿ, ಓದಿದ್ದನ್ನು ಮತ್ತೆ ಆ ಮನೆಗೆ ಹೋಗಿ ತಾವೇ ಹೇಳಿ ಬರುವರು. ನಾನು ಒಮ್ಮೆ ಅವರ ಮನೆಗೆ ಹೋಗಿದ್ದಾಗ ನೋಟ್ಸ್ ವಹಿ ದೇವರ ಜಗುಲಿಯ ಮೇಲಿತ್ತು. ಅಷ್ಟು ನಂಬಿಕೆ ಆ ಮನೆಯಲ್ಲಿ.

ಪರೀಕ್ಷೆಯಲ್ಲಿ ಗ್ರಂಥಾಲಯದ ಪತ್ರವೇ ಬಂತು. ಪರೀಕ್ಷೆಯ ಕೋಣೆಯಲ್ಲಿ ನಮ್ಮ ಕ್ಲಾಸಿನವರೆಲ್ಲ ಒಬ್ಬರನ್ನೊಬ್ಬರು ನೋಡಿ ನಕ್ಕದ್ದು ನೆನಪಿದೆ. ನಾನೂ ಮೊದಲ ನಾಲ್ಕು ಸಾಲು ಅವರದನ್ನೇ ಬರೆದೆ. ಅಪ್ಪನ ಹತ್ತಿರ ಬಂದಾಗ ಪೆನ್ನು ನಿಂತಿತು. ಧೈರ್ಯ ಎನ್ನಲಾರೆ, ಹಳೆಯ ಸಿಟ್ಟು. ಕುರಿ ಕಾಯುವ ಅಪ್ಪನನ್ನೇ ಬರೆದುಬಿಟ್ಟೆ. ಹೊರಗೆ ಬಂದ ಮೇಲೆ ಕಸ್ತೂರಕ್ಕ ಅದನ್ನು ಕೇಳಿ ಹೌಹಾರಿದಳು. ಸರ್ ಹೇಳಿದ್ದು ಬಿಟ್ಟೆಯಲ್ಲ, ಒಂದು ವರ್ಷ ಹಾಳು ಮಾಡಿಕೊಂಡೆ ಎಂದು ದಾರಿಯುದ್ದಕ್ಕೂ ಮರುಗಿದಳು.

ಮೂರು ತಿಂಗಳಿಗೆ ನಮಗೆಲ್ಲ ನೋಟೀಸು ಬಂತು. ಒಂದೇ ಕೇಂದ್ರದಲ್ಲಿ ಬರೆದ ಮೂವತ್ತೊಂದು ಜನರ ಪತ್ರ ಒಂದೇ ತರಹ ಇದೆ, ಸಾಮೂಹಿಕ ನಕಲಿನ ಸಂಶಯವಿದೆ, ಫಲಿತಾಂಶ ತಡೆಹಿಡಿಯಲಾಗಿದೆ, ಬೆಳಗಾವಿಗೆ ಬಂದು ವಿಚಾರಣೆಗೆ ಹಾಜರಾಗಬೇಕು ಎಂದು. ಮೂವತ್ತು ಜನರ ತಂದೆ ರಿಟೈರ್ಡ್ ಪೋಸ್ಟ್‌ಮನ್. ಮೂವತ್ತೂ ತಂದೆಯರ ಕೈಯಲ್ಲಿ ಊರುಗೋಲು. ಮೂವತ್ತು ಪೇಪರಿನ ಮೇಲೆ ಮೂವತ್ತು ಹೆಂಚು. ಕುರಿಯವನ ಮಗಳು ಒಬ್ಬಳು ಬೇರೆ, ಆದರೆ ಮೇಲಿನ ನಾಲ್ಕು ಸಾಲು ಅವೇ. ಈಗ ಬರೆಯುವಾಗ ನಗು ಬರುತ್ತದೆ. ಅವತ್ತು ಕಸ್ತೂರಕ್ಕ ನೋಟೀಸನ್ನು ಅಪ್ಪನ ಕಣ್ಣಿಗೆ ಬೀಳದಂತೆ ನೋಟ್ಸ್ ವಹಿಯೊಳಗೆ ಮಡಚಿ ಇಟ್ಟಳು.

ಸರ್ ಒಂದು ಮಾತು ಹೇಳಿದರೆ ಸಾಕಿತ್ತು. ‘ಈ ಪತ್ರ ನನ್ನದು, ಇವರಿಗೆಲ್ಲ ಬಾಯಿಪಾಠ ಮಾಡಿಸಿದವನು ನಾನು’ ಎಂದರೆ ನಕಲಿನ ಪ್ರಶ್ನೆಯೇ ಏಳುವುದಿಲ್ಲ. ಕ್ಲಾಸಿಗೆ ಹೋದರೆ ಬೀಗ. ಒಳಗಿನ ಗೋಡೆಗೆ ತೂಗುತ್ತಿದ್ದ ಕಪ್ಪು ಬೋರ್ಡು ಕೂಡ ಇಳಿಸಿದ್ದಾರೆ ಎಂದು ರಿವೈಂಡಿಂಗ್ ಅಂಗಡಿಯವನು ಹೇಳಿದ. ನಾವು ಐದಾರು ಜನ ಅವರ ಮನೆಗೆ ಹೋದೆವು. ಅವರ ಹೆಂಡತಿ ಚಹಾ ಕೊಟ್ಟರು, ಜೊತೆಗೆ ಎರಡೆರಡು ಬಿಸ್ಕೀಟು. ಸರ್ ಎದುರು ಕೂತು, ಮೂರು ವರ್ಷದಲ್ಲಿ ಮೊದಲ ಸಲ ನಮ್ಮೊಡನೆ ಕನ್ನಡದಲ್ಲಿ ಮಾತಾಡಿದರು. ಬರುವುದಿಲ್ಲ ಎಂದು ಹೇಳಲಿಕ್ಕೆ.

“ನನಗ ರಿಟೈರ್ ಆಗಾಕ ಇನ್ನ ಏಳು ತಿಂಗಳ ಐತಿ. ಸಾಲಿ ಮಾಸ್ತರ ಆದವ ಖಾಸಗಿ ಕ್ಲಾಸ್ ನಡಸಬಾರದು ಅಂತ ಕಾನೂನ ಐತಿ. ನಾ ಅಲ್ಲಿ ಬಂದು ನಿಂತ್ರ ನನ್ನ ಗತಿ ಏನು?”

ನೀವು ಬರುವುದು ಬೇಡ, ಒಂದು ಚೀಟಿ ಬರೆದು ಕೊಡಿ ಎಂದು ಕಸ್ತೂರಕ್ಕ ಕೇಳಿದಳು. ಇದು ನನ್ನ ಕೊನೆಯ ಪರೀಕ್ಷೆ ಸರ್ ಎಂದಳು. ಅವರು ಕಪ್ಪಿನೊಳಗೆ ನೋಡುತ್ತ ಕೂತರು. ಆಮೇಲೆ ಎದ್ದು ಬಾಗಿಲ ಕಡೆ ನಡೆದರು, ನಾವೂ ಏಳಬೇಕಾಯಿತು.

“ಯಾರೂ ನಿಮಗ ಕಲಿಸಿಲ್ಲ, ನೀವ ಬರದೀರಿ. ಹಂಗ ಹೇಳ್ರಿ. ನಿಮಗೂ ಚಲೋ, ನನಗೂ ಚಲೋ.”

ಅವರ ಹೆದರಿಕೆ ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ಈಗ ನಾನೂ ಕಚೇರಿಯಲ್ಲಿ ಕೆಲಸ ಮಾಡುವವಳು, ವಿಚಾರಣೆ ಎಂದರೆ ಏನೆಂದು ಬಲ್ಲೆ. ಕೊನೆಯ ಏಳು ತಿಂಗಳಲ್ಲಿ ಮುಖಕ್ಕೆ ಮಸಿ ಹಚ್ಚಿಸಿಕೊಳ್ಳಲು ಯಾರಿಗೂ ಇಷ್ಟವಾಗದು. ಸುಮ್ಮನೆ ಬಾಗಿಲು ಹಾಕಿಕೊಂಡಿದ್ದರೆ ಅಂಜುಬುರುಕ ಎಂದು ಮರೆತುಬಿಡುತ್ತಿದ್ದೆ. ಆದರೆ ತಮ್ಮ ಮಾತನ್ನು ವೇದವಾಕ್ಯ ಎಂದು ನಂಬಿದವಳಿಗೆ ಸುಳ್ಳು ಹೇಳಲು ಕಲಿಸಿ ಕಳಿಸಿದರು. ಅದನ್ನು ನಾನು ಮರೆಯಲಾರೆ.

ಬೆಳಗಾವಿಯಲ್ಲಿ ಇಬ್ಬಿಬ್ಬರನ್ನು ಒಳಗೆ ಕರೆಯುತ್ತಿದ್ದರು. ನಾನೂ ಕಸ್ತೂರಕ್ಕನೂ ಒಟ್ಟಿಗೆ ಹೋದೆವು. ಸೆಕೆಗೆ ಬಾಗಿಲು ತೆರೆದೇ ಇಟ್ಟಿದ್ದರು. ಬಾಗಿಲ ಪಕ್ಕದ ಬೆಂಚಿನ ಮೇಲೆ ಕಸ್ತೂರಕ್ಕನ ಅಪ್ಪ ಬಿಳಿ ರುಮಾಲು ಸುತ್ತಿಕೊಂಡು, ಹೊಸ ಧೋತ್ರ ಉಟ್ಟು, ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು. ವಿಚಾರಣೆ ಅಂದರೆ ಮಗಳ ಸಂದರ್ಶನ ಎಂದೇ ಅವರು ತಿಳಿದಿದ್ದರು. ಅದಲ್ಲ ಎಂದು ತಿಳಿಸಿ ಹೇಳುವ ಧೈರ್ಯ ನಮಗಿಬ್ಬರಿಗೂ ಆಗಿರಲಿಲ್ಲ.

ಒಳಗಿದ್ದ ಅಧಿಕಾರಿ ನಡುವಯಸ್ಸಿನ ಹೆಂಗಸು, ಬೇರೆ ಕಡೆಯವರು. ಗದರಲಿಲ್ಲ. ನನ್ನ ಪತ್ರ ತೆಗೆದು, ಮೊದಲ ನಾಲ್ಕು ಸಾಲು ಎಲ್ಲಿಂದ ಬಂತು ಎಂದು ಕೇಳಿದರು. ನಮ್ಮ ಕ್ಲಾಸಿನ ಸರ್ ಬಾಯಿಪಾಠ ಮಾಡಿಸಿದ್ದು, ಕುರಿಯ ಭಾಗ ನನ್ನದು ಎಂದು ಹೇಳಿದೆ. ಅವರ ಹೆಸರನ್ನೂ ಕೇಳಿದರು, ಹೇಳಿದೆ. ಮಾತು ಕೊಟ್ಟಿದ್ದು ನೆನಪಿತ್ತು, ಆದರೂ ಹೇಳಿದೆ. ಅವರು ಬರೆದುಕೊಂಡು, ಬಾಯಿಪಾಠ ಅಪರಾಧವಲ್ಲ, ಅಂಕ ಕಡಿಮೆ ಬೀಳಬಹುದು ಅಷ್ಟೇ, ಪರೀಕ್ಷೆಯ ಕೋಣೆಯಲ್ಲಿ ನಕಲು ಮಾಡಿದ್ದರೆ ಮಾತ್ರ ತಪ್ಪು ಎಂದರು. ನನ್ನ ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಅದನ್ನು ಕಸ್ತೂರಕ್ಕ ಪಕ್ಕದಲ್ಲೇ ನಿಂತು ಕೇಳಿದ್ದಾಳೆ. ನಾನು ಹೇಳಿದ್ದನ್ನೇ ಅವಳೂ ಹೇಳಿದರೆ ಮುಗಿಯಿತು. ಉಳಿದ ವಿಷಯಗಳನ್ನು ಅವಳು ನನಗಿಂತ ಚೆನ್ನಾಗಿ ಬರೆದಿದ್ದಳು, ಪತ್ರಕ್ಕೆ ಸೊನ್ನೆ ಕೊಟ್ಟರೂ ಪಾಸಾಗುತ್ತಿದ್ದಳು.

“ಪತ್ರದಲ್ಲಿ ಅಪ್ಪನನ್ನು ಹೇಗೆ ಬೇಕಾದರೂ ಕಲ್ಪಿಸಿಕೊಳ್ಳಬಹುದಮ್ಮ” ಎಂದರು ಆ ಅಧಿಕಾರಿ. “ಆದರೆ ಮೂವತ್ತು ಜನಕ್ಕೆ ಒಬ್ಬನೇ ಅಪ್ಪ ಹೇಗೆ? ಇದನ್ನು ಬರೆದವರು ಯಾರು?”

ಕಸ್ತೂರಕ್ಕ ಬಾಗಿಲ ಕಡೆ ಒಮ್ಮೆ ನೋಡಿ ಮತ್ತೆ ಮೇಜಿನ ಕಡೆ ತಿರುಗಿದಳು.

“ನಾನ ರೀ ಮೇಡಮ್. ನನ್ನ ಸ್ವಂತದ್ದು.”

ನಾನು ಅವಳ ಸೆರಗು ಜಗ್ಗಿದೆ. ಅಧಿಕಾರಿ ಇನ್ನೊಮ್ಮೆ ಕೇಳಿದರು. ಅದೇ ಉತ್ತರ, ಈ ಸಲ ಇನ್ನೂ ಗಟ್ಟಿಯಾಗಿ. ಹಾಗಾದರೆ ಇಲ್ಲೇ ಇಂಗ್ಲಿಷಿನಲ್ಲಿ ಇನ್ನೊಂದು ಪತ್ರ ಬರೆ, ನಿಮ್ಮೂರಿನ ಬಸ್ಸಿನ ಬಗ್ಗೆ ಎಂದು ಬಿಳಿ ಹಾಳೆ ಕೊಟ್ಟರು. ಅವಳು ಕೂತು ಬರೆಯತೊಡಗಿದಳು. ಇಪ್ಪತ್ತು ನಿಮಿಷದ ನಂತರ ಹಾಳೆಯಲ್ಲಿ ಇದ್ದುದು ಇಷ್ಟು: ಬಲಗಡೆ ತಾರೀಖು, ಎಡಗಡೆ ಇಂದ, ಗೆ, ಮಾನ್ಯರೆ, ವಿಷಯ. ಎಲ್ಲ ಸಾಲಾಗಿ, ಅಂಚು ಬಿಟ್ಟು, ಅಚ್ಚು ಹಾಕಿದಷ್ಟು ಚೊಕ್ಕವಾಗಿ. ಕೆಳಗೆ ಏನೂ ಇರಲಿಲ್ಲ. ಘೋಡಗೇರಿಯ ಬಸ್ಸಿನ ಬಗ್ಗೆ ಸರ್ ಯಾವ ಪತ್ರವನ್ನೂ ಬರೆದು ಕೊಟ್ಟಿರಲಿಲ್ಲ. ಮೂರು ವರ್ಷ ಆ ಬಸ್ಸಿನಲ್ಲೇ ನಿಂತು ಬಂದವಳಿಗೆ ಅದರ ಬಗ್ಗೆ ಒಂದು ವಾಕ್ಯ ತಾನಾಗಿ ಬರೆಯಲು ಬರದಂತೆ ಅವರು ಮಾಡಿಟ್ಟಿದ್ದರು.

ನಿಜ ಹೇಳಿದವರ ಫಲಿತಾಂಶ ಹೊರಬಂತು, ನಾನು ಆಯ್ಕೆಯಾದೆ. ಕಸ್ತೂರಕ್ಕನ ಪರೀಕ್ಷೆ ರದ್ದಾಯಿತು. ನಾನು ಸರ್ ಹೆಸರು ಹೇಳಿ ಬಂದೆನಲ್ಲ, ಅವರಿಗೆ ಏನೂ ಆಗಲಿಲ್ಲ. ಯಾರೂ ಬಂದು ಕೇಳಲಿಲ್ಲವಂತೆ. ಏಳು ತಿಂಗಳಿಗೆ ಹಾರ ಹಾಕಿಸಿಕೊಂಡು ನಿವೃತ್ತರಾದರು, ಮರುವಾರವೇ ಅದೇ ಮೆಟ್ಟಿಲ ಮೇಲಿನ ಕೋಣೆಯಲ್ಲಿ ಕ್ಲಾಸು ಶುರುವಾಯಿತು, ಈ ಸಲ ಬೀದಿಗೆ ಕಾಣುವಂತೆ ದೊಡ್ಡ ಬ್ಯಾನರ್. ಬ್ಯಾನರಿನ ನಡುವೆ ನನ್ನ ಫೋಟೋ, ಕೆಳಗೆ ನನ್ನ ಹೆಸರು. ಮೊದಲ ಸಲ ಅವರು ನನ್ನ ಹೆಸರನ್ನು ಬಳಸಿದ್ದು ಅಲ್ಲಿ. ಸಂತೆಗೆ ಹೋಗಿದ್ದ ನನ್ನಪ್ಪ ಅದನ್ನು ನೋಡಿ ಹಿಗ್ಗಿ ಬಂದಿದ್ದ. ನಾನು ಮರುದಿನವೇ ಹೋಗಿ ಅದನ್ನು ತೆಗೆಯಿರಿ ಎಂದೆ. ಅವರು ತಲೆ ವಾಲಿಸಿ ಕಿವಿ ತಟ್ಟಿಕೊಂಡು, ಕೃತಜ್ಞತೆ ಎಂಬುದು ಇರಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಅವರೆದುರೇ ಕುರ್ಚಿ ಹತ್ತಿ, ನನ್ನ ಮುಖ ಇದ್ದಷ್ಟು ಬ್ಯಾನರನ್ನು ರಿವೈಂಡಿಂಗ್ ಅಂಗಡಿಯವನ ಬ್ಲೇಡಿನಿಂದ ಕೊಯ್ದುಕೊಂಡು ಬಂದೆ. ಬಹಳ ದಿನ ಆ ತೂತಿನ ಬ್ಯಾನರ್ ಹಾಗೇ ತೂಗುತ್ತಿತ್ತು ಎಂದು ಕೇಳಿದ್ದೇನೆ.

ಇಷ್ಟೆಲ್ಲ ಆಗಿ ಹನ್ನೊಂದು ವರ್ಷ. ಕಸ್ತೂರಕ್ಕನ ಮದುವೆ ಮೂಡಲಗಿಗೆ ಆಯಿತು, ಗೊಬ್ಬರದ ಅಂಗಡಿಯವರು, ಒಳ್ಳೆಯ ಮನುಷ್ಯ. ಅವಳು ಒಂದು ಸಣ್ಣ ಖಾಸಗಿ ಸಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುತ್ತಾಳೆ. ಸುದ್ದಿ ಬಂದ ದಿನ ಸಂಜೆ ಫೋನು ಮಾಡಿ, ಸರ್ ಮನೆಗೆ ಹೋಗಿ ಬರೋಣ, ಬಾ ಎಂದಳು. ಬರುವುದಿಲ್ಲ ಎಂದೆ. ಅವಳು ಮತ್ತೆ ಮತ್ತೆ ಕೇಳಿದಳು. ಕೊನೆಗೆ ಅವಳಿಗಾಗಿ ಭಾನುವಾರ ಗೋಕಾಕಿಗೆ ಹೋದೆ. ಅವರ ಮನೆಯ ಪಡಸಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದು ಹೊಗಳುತ್ತಿದ್ದರು. ನಾನು ಗೋಡೆಗೆ ಒರಗಿ ನಿಂತೆ, ಹೂವು ಹಾಕಲಿಲ್ಲ. ಕಸ್ತೂರಕ್ಕ ಹಾಕಿದಳು, ಫೋಟೋಕ್ಕೆ ಹಣೆ ಹಚ್ಚಿ ಬಂದಳು.

ಬಸ್‌ಸ್ಟ್ಯಾಂಡಿನವರೆಗೆ ಇಬ್ಬರೂ ನಡೆದು ಹೋದೆವು. ಮೂಡಲಗಿ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲಿನ ಬೆಂಚಿನ ಮೇಲೆ ಕೂತಾಗ ಹನ್ನೊಂದು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ.

“ಅವರ ಮಾತ ಕೇಳಿ ನೀ ಕೆಟ್ಟಿ, ಕಸ್ತೂರಕ್ಕಾ. ಅವರ ಸಲುವಾಗಿ ಅಲ್ಲಿ ಸುಳ್ಳ ಹೇಳಿದಿ. ಇವತ್ತ ಹೋಗಿ ಹೂವ ಹಾಕಿ ಬಂದಿ.”

ಅವಳಿಗೆ ಸಿಟ್ಟು ಬರಲಿಲ್ಲ. ಪರ್ಸಿನ ಜಿಪ್ಪನ್ನು ಎಳೆಯುತ್ತ ಹಾಕುತ್ತ ಕೂತಳು.

“ಅವರ ಸಲುವಾಗಿ ಅಲ್ಲ ಮಾಯವ್ವಾ” ಎಂದಳು. “ಬಾಗಲದಾಗ ನಮ್ಮಪ್ಪಾ ಕುಂತಿದ್ದಾ. ನೀ ಮಾತಾಡಿದ್ದೆಲ್ಲಾ ಅವಗ ಕೇಳಾಕತ್ತಿತ್ತು. ಮೂರು ವರ್ಷ ಊರ ತುಂಬ ‘ನನ್ನ ಮಗಳು ಇಂಗ್ಲಿಷ್ ಬರೀತಾಳ’ ಅಂತ ಹೇಳ್ಕೋತ ತಿರಗಿದಾಂವ. ಅವನ ಮುಂದ ‘ಇದು ನಂದಲ್ರಿ, ಯಾರೋ ಬರದದ್ದು ಬಾಯಿಪಾಠ ಮಾಡೇನಿ’ ಅಂತ ಹೆಂಗ ಹೇಳಲಿ?”

ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ, ಅವರನ್ನು ನಾನು ಬೈಯುವಾಗೆಲ್ಲ ಸುಮ್ಮನೆ ಯಾಕೆ ಕೇಳಿಸಿಕೊಂಡೆ ಎಂದು ಕೇಳಿದೆ. ಅವಳು ಸಣ್ಣಗೆ ನಕ್ಕಳು.

“ಯಾರಾರ ಒಬ್ಬರು ಅವರಿಗೆ ಬೈಯೂದ ಬೇಕಾಗಿತ್ತು. ನನಗ ಆಗೂದಿಲ್ಲ, ನೀನರ ಬೈ ಅಂತ ಬಿಟ್ಟೆ.”

ಅವಳ ಅಪ್ಪ ಹೋದ ವರ್ಷ ತೀರಿಕೊಂಡಿದ್ದರು. ಮಗಳ ಪರೀಕ್ಷೆ ಯಾಕೆ ರದ್ದಾಯಿತೆಂದು ಕಾಕಾನಿಗೆ ಗೊತ್ತಾಯಿತೇ ಎಂದು ಕೇಳಿದೆ. ಇಲ್ಲ ಎಂದಳು.

“ಸಾಯೂತನಕಾ ಊರಾಗ ಹೇಳತಿದ್ದಾ, ‘ನನ್ನ ಮಗಳು ಬರದಿದ್ದು ಆ ಸಾಹೇಬ್ರಿಗೆ ತಿಳೀಲಿಲ್ಲ’ ಅಂತ. ನನಗ ಅಷ್ಟ ಸಾಕಾತು.”

ಬಸ್ಸು ಬಂತು. ಅವಳು ಕಿಟಕಿಯಿಂದ ಕೈ ಬೀಸಿದಳು, ನಾನೂ ಬೀಸಿದೆ. ಹುಕ್ಕೇರಿ ಬಸ್ಸಿನಲ್ಲಿ ಕೂತು ನಾನು ಅದನ್ನೇ ಯೋಚಿಸುತ್ತ ಬಂದೆ. ಅವರ ಮೇಲಿನ ನನ್ನ ಸಿಟ್ಟು ತಪ್ಪಿರಬಹುದೇ ಎಂದು ಪ್ರಾಮಾಣಿಕವಾಗಿ ಕೇಳಿಕೊಂಡೆ. ಘಟಪ್ರಭೆ ದಾಟುವುದರೊಳಗೆ ಉತ್ತರ ಸಿಕ್ಕಿತು. ಅವಳಿಗೆ ಅಷ್ಟು ಸಾಕಾಗಿರಬಹುದು, ನನಗೆ ಸಾಕಾಗಿಲ್ಲ. ಅವತ್ತು ಆ ಮನುಷ್ಯ ಚಹಾದ ಕಪ್ಪು ಕೆಳಗಿಟ್ಟು ಎರಡು ಸಾಲು ಬರೆದು ಕೊಟ್ಟಿದ್ದರೆ, ಅವಳು ಅಪ್ಪನಿಗೆ ಕೇಳುವಂತೆ ಏನನ್ನೂ ಹೇಳಬೇಕಾಗಿರಲಿಲ್ಲ. ಚೀಟಿಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ನಿಂತಿದ್ದರೆ ಸಾಕಿತ್ತು.